ಎಂಟು ಲಕ್ಷಕ್ಕೆ ಎಲೆಕ್ಟ್ರಿಕ್ ಕಾರ್ ಹೆಂಗೆ ಸಾಧ್ಯ ಆಯ್ತು, ಇನ್ನೂ ಇಳಿಯುತ್ತಾ?

ಪೀಣ್ಯ ಮಷಿನಿಸ್ಟ್
ಎಲ್ಲರಿಗೂ ನಮಸ್ಕಾರ. ಟಾಟಾದ ಎಲೆಕ್ಟ್ರಿಕ್ ಕಾರು (ಇವಿ) ಟಿಯಾಗೋ ಇವಿ, ಪಂಚ್ ಇವಿ ಒಂದ್ಸಲ ಚಾರ್ಜ್ ಮಾಡಿದ್ರೆ ರೇಂಜ್ ಎಷ್ಟು ಬರುತ್ತೆ, ಸರ್ವಿಸ್ ಹೆಂಗೆ ಅಂತ ಇಲ್ಲಿ ಸಾಕಷ್ಟು ಮಾತಾಡಿದೀವಿ, ಆದ್ರೆ ಆ ರೇಟಿಗೆ ಕಾರ್ ಕೊಡಕ್ಕೆ ಹೆಂಗಾಯ್ತು ಅಂತ ಯಾರೂ ಕೇಳ್ತಿಲ್ಲ, ಅದಕ್ಕೇ ಈ ಥ್ರೆಡ್. 2020ರ ಜನವರಿಲಿ ನೆಕ್ಸಾನ್ ಇವಿ ಬಂದಾಗ ಶುರುವಿನ ರೇಟು 13.99 ಲಕ್ಷ, 30.2 ಯೂನಿಟ್ (ಕರೆಂಟ್ ಬಿಲ್ಲಿನ ಯೂನಿಟ್ಟೇ, ಕಿಲೋವ್ಯಾಟ್ ಅವರ್) ಬ್ಯಾಟರಿ. 2022ರ ಸೆಪ್ಟೆಂಬರ್‌ನಲ್ಲಿ ಟಿಯಾಗೋ ಇವಿ 8.49ಕ್ಕೆ ಬಂತು, 2024ರ ಫೆಬ್ರವರಿಲಿ ಅದೇ ಕಾರ್ 7.99 ಆಯ್ತು. ನಾಲ್ಕು ವರ್ಷದಲ್ಲಿ ಆರು ಲಕ್ಷದ ವ್ಯತ್ಯಾಸ, ಗಾಡಿ ಚಿಕ್ಕದು, ಬ್ಯಾಟರಿ ಚಿಕ್ಕದು ಅಂತ ಇಟ್ಕೊಂಡ್ರೂ ಸಣ್ಣ ವಿಷಯ ಅಲ್ಲ.

ನಾನು ಪಾರ್ಟ್ಸ್ ಮಾಡೋ ಕಡೆಯವನು. ನಾನು ನೋಡಿದ ಹಾಗೆ ಕಾರ್ ರೇಟು ಇಳಿಯೋದು ಶೋರೂಮಲ್ಲೂ ಅಲ್ಲ, ಅಸೆಂಬ್ಲಿ ಲೈನಲ್ಲೂ ಅಲ್ಲ, ಸಪ್ಲೈಯರ್ ಹತ್ರ. ಟಾಟಾದವರು ಮಾಡಿದ್ದು ಏನಂದ್ರೆ, ಬ್ಯಾಟರಿ ಪ್ಯಾಕ್ ಕಟ್ಟೋದಕ್ಕೆ ತಮ್ಮದೇ ಗ್ರೂಪಿನ ಟಾಟಾ ಆಟೊಕಾಂಪ್ ಚೀನಾದ ಗೋಷನ್ ಜೊತೆ ಜಂಟಿ ಕಂಪನಿ ಮಾಡ್ಕೊಳ್ತು, ಚಾರ್ಜರ್ ಹಾಕೋದಕ್ಕೆ ಟಾಟಾ ಪವರ್, ಸಾಲಕ್ಕೆ ಟಾಟಾ ಮೋಟಾರ್ಸ್ ಫೈನಾನ್ಸ್, ಗಾಡಿ ತೋರ್ಸೋದಕ್ಕೆ ಕ್ರೋಮಾ ಅಂಗಡಿ ಕೂಡ. ಎಲ್ಲಾ ಸೇರ್ಸಿ ಅದಕ್ಕೆ ಯೂನಿವರ್ಸ್ ಅಂತ ಹೆಸರಿಟ್ರು. ಇನ್ನೊಂದು ಮುಖ್ಯ ವಿಷಯ, ಟಿಯಾಗೋ ಇವಿಯ ಬಾಡಿ, ಬಾಗಿಲು, ಸೀಟು, ಲೈಟು ಹೆಚ್ಚು ಕಮ್ಮಿ 2016ರಿಂದ ಓಡ್ತಿರೋ ಪೆಟ್ರೋಲ್ ಟಿಯಾಗೋದ್ದೇ. ಬಾಡಿ ಒತ್ತೋ ಅಚ್ಚು ಅಂದ್ರೆ ಡೈ, ಟೂಲಿಂಗ್ ದುಡ್ಡು ಆಗ್ಲೇ ಪೆಟ್ರೋಲ್ ಗಾಡಿಲಿ ಹುಟ್ಟಿತ್ತು. ಹೊಸದಾಗಿ ಇವಿ ಅಂತಲೇ ಬಾಡಿ ಮಾಡಕ್ಕೆ ಹೋಗಿದ್ರೆ ಎಂಟು ಲಕ್ಷ ಆಗ್ತಾನೇ ಇರ್ಲಿಲ್ಲ.

ನಿಮ್ಗೆ ಏನನ್ಸುತ್ತೆ? ಇದು ಇನ್ನೂ ಇಳಿಯುತ್ತಾ, ಇಲ್ಲಿಗೇ ನಿಲ್ಲುತ್ತಾ?

ಮೈಸೂರ್ ರೋಡ್
ಒಳ್ಳೇ ಥ್ರೆಡ್ ಗುರು. ನನ್ನ ಹತ್ರ ಟಿಯಾಗೋ ಇವಿ ದೊಡ್ಡ ಬ್ಯಾಟರಿದು ಇದೆ, 24 ಯೂನಿಟ್. ಕಂಪನಿ 315 ಕಿಲೋಮೀಟರ್ ಅಂತ ಹೇಳಿತ್ತು, ಎಸಿ ಹಾಕ್ಕೊಂಡು ಓಡ್ಸಿದ್ರೆ ನನಗೆ 190ರ ಆಸುಪಾಸು ಬರುತ್ತೆ, ಅದು ಗೊತ್ತಿದ್ದೇ ತಗೊಂಡಿದ್ದು. ಸಿಟಿಗೆ ಇದಕ್ಕಿಂತ ಆರಾಮ್ ಗಾಡಿ ಇಲ್ಲ, ಸಿಲ್ಕ್ ಬೋರ್ಡಲ್ಲಿ ಕ್ಲಚ್ ತುಳಿದು ತುಳಿದು ಕಾಲು ನೋಯಿಸ್ಕೊಂಡವರಿಗೆ ಅದರ ಬೆಲೆ ಗೊತ್ತಾಗುತ್ತೆ.

ಆದ್ರೆ ಲೆಕ್ಕ ಹೇಳ್ಬೇಕು ಅಂದ್ರೆ ಈಗ ಕಷ್ಟ ಆಗಿದೆ. 2025 ಸೆಪ್ಟೆಂಬರ್ 22ಕ್ಕೆ ಸಣ್ಣ ಪೆಟ್ರೋಲ್ ಕಾರಿನ ಜಿಎಸ್‌ಟಿ 28ರಿಂದ 18ಕ್ಕೆ ಇಳೀತು, ಪೆಟ್ರೋಲ್ ಟಿಯಾಗೋ 4.57 ಲಕ್ಷದಿಂದ ಶುರು ಆಯ್ತು. ಇವಿಗೆ 2019ರಿಂದ 5 ಪರ್ಸೆಂಟೇ ಇದ್ದಿದ್ದು, ಅದು ಹಂಗೇ ಇದೆ. ಅಂದ್ರೆ ಶುರುವಿನ ಮಾಡೆಲಲ್ಲಿ ಮೂರೂವರೆ ಲಕ್ಷದ ಹತ್ರ ವ್ಯತ್ಯಾಸ. ಇವಿ ಆಟೋಮ್ಯಾಟಿಕ್, ಪೆಟ್ರೋಲ್ ಬೇಸ್ ಮಾಡೆಲ್ ಗೇರ್ ಗಾಡಿ, ಅದೂ ನಿಜ, ಆದ್ರೆ ಮೊದಲನೇ ಸಲ ಕಾರ್ ತಗೊಳೋನು ಅದನ್ನ ನೋಡಲ್ಲ, ರೇಟ್ ನೋಡ್ತಾನೆ.

ನಾನು ತಿಂಗಳಿಗೆ ಸಾವಿರದೈನೂರು ಕಿಲೋಮೀಟರ್ ಓಡಿಸ್ತೀನಿ. ಲೀಟರಿಗೆ 16 ಕೊಡೋ ಪೆಟ್ರೋಲ್ ಗಾಡಿ ಆದ್ರೆ ಒಂಬತ್ತೂವರೆ ಸಾವಿರದ ಮೇಲೆ ಆಗೋದು. ಮನೇಲಿ ಚಾರ್ಜ್ ಮಾಡಿದ್ರೆ ಸಾವಿರದ ಇನ್ನೂರು, ಮುನ್ನೂರು ಕರೆಂಟ್. ಮೂರೂವರೆ ವರ್ಷದಲ್ಲಿ ಹೆಚ್ಚಿಗೆ ಕೊಟ್ಟಿದ್ದು ವಾಪಸ್. ಆದ್ರೆ ತಿಂಗಳಿಗೆ ಐನೂರು ಕಿಲೋಮೀಟರ್ ಓಡ್ಸೋರಿಗೆ ಅದೇ ದುಡ್ಡು ಹುಟ್ಟಕ್ಕೆ ಹತ್ತು ವರ್ಷ. ಕಮ್ಮಿ ರೇಟಿನ ಗಾಡಿ ಅಂತ ಹೇಳ್ತೀವಿ, ಲಾಭ ಆಗೋದು ಜಾಸ್ತಿ ಓಡ್ಸೋರಿಗೆ ಮಾತ್ರ.

ಹಳೇ ರೇವಾ ಅಭಿಮಾನಿ
ಈ ಕಥೆ ಟಾಟಾ ಇಂದ ಶುರು ಮಾಡ್ಬೇಡಿ ಸರ್, ನಮ್ಮ ಬೊಮ್ಮಸಂದ್ರದಿಂದ ಶುರು ಮಾಡಿ. 1994ರಲ್ಲಿ ಮೈನಿ ಗ್ರೂಪು ಕ್ಯಾಲಿಫೋರ್ನಿಯಾದ ಒಂದು ಕಂಪನಿ ಜೊತೆ ಸೇರಿ ರೇವಾ ಕಂಪನಿ ಮಾಡ್ತು, ಚೇತನ್ ಮೈನಿ ಅವರು ಮುಂದೆ ನಿಂತು 2001ರಲ್ಲಿ ಕಾರ್ ರೋಡಿಗೆ ತಂದ್ರು. ಲೆಡ್ ಆಸಿಡ್ ಬ್ಯಾಟರಿ, ಪ್ಲಾಸ್ಟಿಕ್ ಬಾಡಿ, ಎರಡು ಬಾಗಿಲು. ಲಂಡನ್‌ನಲ್ಲಿ ಅದೇ ಗಾಡಿನ ಜಿ ವಿಜ್ ಅಂತ ಹೆಸರಲ್ಲಿ ಜನ ತಗೊಂಡ್ರು, ಅಲ್ಲಿ ಊರೊಳಗೆ ಬರೋ ಗಾಡಿಗೆ ಹಾಕೋ ಕಂಜೆಷನ್ ಚಾರ್ಜ್ ಇದಕ್ಕೆ ಇರ್ಲಿಲ್ಲ. ಬೆಂಗಳೂರಿನ ಕಾರು ಲಂಡನ್ ರೋಡಲ್ಲಿ ಓಡಿದ್ದು ಆ ಕಾಲಕ್ಕೆ ಎಷ್ಟು ದೊಡ್ಡ ವಿಷಯ ಅಂತ ಈಗಿನವರಿಗೆ ಗೊತ್ತಿಲ್ಲ.

ಆದ್ರೂ ಹತ್ತು ವರ್ಷದಲ್ಲಿ ಪ್ರಪಂಚ ಪೂರ್ತಿ ಸೇರ್ಸಿದ್ರೂ ಐದು ಸಾವಿರ ಗಾಡಿ ಮುಟ್ಟಲಿಲ್ಲ. ಟಿಯಾಗೋ ಇವಿ ಬುಕಿಂಗ್ ಓಪನ್ ಆದ ಒಂದೇ ದಿನಕ್ಕೆ ಹತ್ತು ಸಾವಿರ ಬುಕಿಂಗ್ ಬಂತು. ವ್ಯತ್ಯಾಸ ಎಲ್ಲಿ? ಪೀಣ್ಯ ಸರ್ ಹೇಳಿದ್ದೇ. ವರ್ಷಕ್ಕೆ ನಾನೂರು ಐನೂರು ಗಾಡಿ ಮಾಡೋ ಕಂಪನಿಗೆ ಯಾವ ಸಪ್ಲೈಯರ್ ತಾನೇ ಹೊಸ ಲೈನ್ ಹಾಕ್ತಾನೆ? ಮೋಟಾರು, ಕಂಟ್ರೋಲರ್, ಚಾರ್ಜರ್ ಎಲ್ಲಾ ಸಣ್ಣ ಸಣ್ಣ ಲಾಟಲ್ಲಿ ತರಿಸ್ಬೇಕು, ಸಣ್ಣ ಲಾಟ್ ಅಂದ್ರೆ ರೇಟು ಜಾಸ್ತಿ, ರೇಟು ಜಾಸ್ತಿ ಅಂದ್ರೆ ಗಿರಾಕಿ ಕಮ್ಮಿ, ಗಿರಾಕಿ ಕಮ್ಮಿ ಅಂದ್ರೆ ಮತ್ತೆ ಸಣ್ಣ ಲಾಟು. 2010ರಲ್ಲಿ ಮಹೀಂದ್ರಾ ತಗೊಳ್ತು, 2013ರ ಮಾರ್ಚಲ್ಲಿ ಇ2ಓ ಬಂತು, ಲಿಥಿಯಂ ಬ್ಯಾಟರಿ, ದಿಲ್ಲಿಲಿ ಆನ್ ರೋಡ್ 5.96 ಲಕ್ಷ. 2019ಕ್ಕೆ ಅದೂ ನಿಂತೋಯ್ತು. ಗಾಡಿ ಕೆಟ್ಟದಿತ್ತು ಅಂತ ನಾನು ಒಪ್ಪಲ್ಲ, ಸುತ್ತ ಇರ್ಬೇಕಾದ ಸಪ್ಲೈಯರ್‌ಗಳು, ಚಾರ್ಜಿಂಗು, ಸಾಲ ಕೊಡೋರು ಯಾರೂ ಇರ್ಲಿಲ್ಲ.

ಧಾರವಾಡದಾಂವ
ಖರೇ ಮಾತ್ರಿ. ಟಾಟಾದವ್ರಿಗೆ ಮನೀ ಹೊಲದಾಗ ಜ್ವಾಳ ಇದ್ದಂಗ, ಸಂತೀಗೆ ಹೋಗಿ ಕೊಳ್ಳೂದು ಬರ್ಲಿಲ್ಲ. ಬ್ಯಾರೆ ಕಂಪನಿ ಆಗಿದ್ರ ಬ್ಯಾಟರಿ ಪ್ಯಾಕಿನವ ನೀವು ಮೊದ್ಲ ಇಷ್ಟು ಸಾವಿರ ಗಾಡಿ ಮಾರ್ತೀನಿ ಅಂತ ಬರದು ಕೊಡ್ರಿ ಅಂತಿದ್ದ.

ಇನ್ನೊಂದು ಹೇಳ್ತೀನ್ರಿ, ಬರೇ ಕಾರ್ ನೋಡಬ್ಯಾಡ್ರಿ. ನಮ್ಮ ಧಾರವಾಡದಾಗ ಟಾಟಾ ಬಸ್ ಫ್ಯಾಕ್ಟರಿ ಐತಿ. ಬಿಎಂಟಿಸಿ 921 ಎಲೆಕ್ಟ್ರಿಕ್ ಬಸ್ಸಿಗೆ ಟಾಟಾ ಜೋಡಿ 12 ವರ್ಷದ ಗುತ್ತಿಗಿ ಮಾಡ್ತು, ಬಸ್ ಖರೀದಿ ಮಾಡೂದಿಲ್ಲ, ಓಡಿದ ಕಿಲೋಮೀಟರಿಗೆ ಇಷ್ಟು ಅಂತ ರೊಕ್ಕ. ಅಂಥಾ ಆರ್ಡರ್ ಬಂದ್ರ ಬ್ಯಾಟರಿ ಒಳಗಿನ ಸೆಲ್ ಕೊಡಾವ, ವೈರಿಂಗ್ ಕೊಡಾವ ಎಲ್ಲಾರೂ ಧೈರ್ಯ ಮಾಡ್ತಾರ. ಕಾರಿನ ಗಿರಾಕಿ ಇವತ್ತ ತಗೋತಾನ, ನಾಳೆ ಬ್ಯಾಡ ಅಂತಾನ, ಸರ್ಕಾರದ ಬಸ್ ಆರ್ಡರ್ ಹಂಗಲ್ಲ.

ಆದ್ರ ನಮ್ಮ ಕಡೆ ಚಾರ್ಜಿಂಗ್ ಬಗ್ಗೆ ಯಾರೂ ಮಾತಾಡೂದಿಲ್ಲ ನೋಡ್ರಿ. ಕರ್ನಾಟಕದಾಗ ಐದು ಸಾವಿರದ ಮ್ಯಾಲೆ ಪಬ್ಲಿಕ್ ಚಾರ್ಜರ್ ಅದಾವ ಅಂತಾರ, ಅದರಾಗ ಮುಕ್ಕಾಲು ಪಾಲು ಬೆಂಗಳೂರಾಗ. ಗದಗ, ಕೊಪ್ಪಳ, ರಾಯಚೂರ ದಾರಿ ಹಿಡದ್ರ ಒಂದು ಚಾರ್ಜರ್ ಕೆಟ್ಟಿತ್ತಂದ್ರ ಮುಂದಿಂದು ಎಷ್ಟು ದೂರ ಐತಿ ಅಂತ ಲೆಕ್ಕ ಹಾಕ್ಕೋತ ಹೋಗಬೇಕು. ಕಾರಿನ ರೇಟು ಒಂದು ಲಕ್ಷ ಕಡಿಮಿ ಮಾಡೂಕಿಂತ ಆ ರೊಕ್ಕದಾಗ ಇಲ್ಲೆ ಚಾರ್ಜರ್ ಹಾಕಿದ್ರ ನಮ್ಮ ಮಂದಿ ಜಾಸ್ತಿ ತಗೋತಾರ.

ಲೆಕ್ಕ ಪಕ್ಕಾ
ಬ್ಯಾಟರಿ ಬಾಡಿಗೆ ಬಗ್ಗೆ ಯಾರೂ ಹೇಳಿಲ್ಲ, ನಾನು ಹೇಳ್ತೀನಿ, ಸಾಲದ ಲೆಕ್ಕ ನೋಡೋದೇ ನನ್ನ ಕೆಲ್ಸ. 2024ರ ಸೆಪ್ಟೆಂಬರಲ್ಲಿ ಎಂಜಿ ಕಂಪನಿ ವಿಂಡ್ಸರ್ ಇವಿ ತಂದಾಗ 9.99 ಲಕ್ಷ ಅಂತ ದೊಡ್ಡದಾಗಿ ಹಾಕಿದ್ರು, ಕೆಳಗೆ ಬ್ಯಾಟರಿಗೆ ಕಿಲೋಮೀಟರಿಗೆ 3.5 ರೂಪಾಯಿ ಬೇರೆ. ಬ್ಯಾಟರಿ ಸಮೇತ ತಗೊಂಡ್ರೆ 13.49. ವ್ಯತ್ಯಾಸ ಮೂರೂವರೆ ಲಕ್ಷ, ಅದನ್ನ 3.5ರಿಂದ ಭಾಗಿಸಿದ್ರೆ ಒಂದು ಲಕ್ಷ ಕಿಲೋಮೀಟರ್. ಕಾಮೆಟ್‌ಗೂ ಹಂಗೇ, 4.99 ಲಕ್ಷ ಪ್ಲಸ್ ಕಿಲೋಮೀಟರಿಗೆ 2.5, ಬ್ಯಾಟರಿ ಸಮೇತ ಆಗ 6.99, ಅಂದ್ರೆ ಎಂಬತ್ತು ಸಾವಿರ ಕಿಲೋಮೀಟರ್ ಓಡ್ಸಿದ್ರೆ ಎರಡೂ ಸರಿಸಮ. ಅದಾದ್ಮೇಲೂ ಬಾಡಿಗೆ ಕಟ್ಬೇಕಾ, ಬ್ಯಾಟರಿ ಯಾರ ಹೆಸರಲ್ಲಿ ಇರುತ್ತೆ ಅನ್ನೋದನ್ನ ಅಗ್ರಿಮೆಂಟಲ್ಲಿ ಓದ್ಲೇಬೇಕು, ಶೋರೂಮಿನವರ ಬಾಯಿಮಾತು ನಂಬಿ ಸೈನ್ ಹಾಕ್ಬೇಡಿ.

ಇನ್ನೊಂದು ಸಣ್ಣಕ್ಷರದ ವಿಷಯ. ವಿಂಡ್ಸರ್‌ಗೆ ತಿಂಗಳಿಗೆ ಕಮ್ಮಿ ಅಂದ್ರೂ 1,500 ಕಿಲೋಮೀಟರಿನ ಬಾಡಿಗೆ ಅಂತ ಇತ್ತು. ಗಾಡಿ ಮನೆ ಮುಂದೆ ನಿಂತಿದ್ರೂ 5,250 ರೂಪಾಯಿ ಹೋಗುತ್ತೆ. ಮೈಸೂರ್ ರೋಡ್ ಅವರ ಥರ ಓಡ್ಸೋರಿಗೆ ಓಕೆ, ವಾರಕ್ಕೊಂದ್ಸಲ ದೇವಸ್ಥಾನಕ್ಕೆ ಹೋಗೋ ಅಪ್ಪ ಅಮ್ಮಂಗೆ ಖಂಡಿತ ಬೇಡ.

ರೇವಾ ಸರ್, ನೀವು ಇ2ಓ ಅಂದ್ರಲ್ಲ, ಈ ಐಡಿಯಾ ಹೊಸದೇನಲ್ಲ. 2014ರಲ್ಲೇ ಮಹೀಂದ್ರಾ ಇ2ಓನ 4.99 ಲಕ್ಷಕ್ಕೆ ಕೊಟ್ಟು ಬ್ಯಾಟರಿಗೆ ತಿಂಗಳಿಗೆ 2,599 ಅಂತ ಸ್ಕೀಮ್ ಮಾಡಿತ್ತು. ಹತ್ತು ವರ್ಷ ಆದ್ಮೇಲೆ ಅದೇ 4.99 ಲಕ್ಷಕ್ಕೆ ಇನ್ನೊಂದು ಕಂಪನಿ ಬಂದಿದೆ. ಆಗ ಬ್ಯಾಟರಿ ರಿಸ್ಕ್ ಹೊರೋ ಫೈನಾನ್ಸ್ ಕಂಪನಿಗಳು ಇರ್ಲಿಲ್ಲ, ಕಾರ್ ಕಂಪನಿನೇ ಹೊತ್ಕೋಬೇಕಿತ್ತು. ಈಗ ಬಜಾಜ್ ಫೈನಾನ್ಸ್, ಹೀರೋ ಫಿನ್‌ಕಾರ್ಪ್, ನಮ್ಮ ಬೆಂಗಳೂರಿನ ವಿದ್ಯುತ್ ಅಂತ ಕಂಪನಿ ಎಲ್ಲಾ ಬಂದಿದಾರೆ. ಪಾರ್ಟ್ನರ್ ಅಂದ್ರೆ ಬರೀ ಪಾರ್ಟ್ಸ್ ಮಾಡೋರಲ್ಲ, ಇವರೂ ಸೇರ್ತಾರೆ.

ಕರಾವಳಿ ಸವಾರಿ
ಎಲ್ಲ ಸರಿ ಮಾರಾಯ್ರೆ, ಆದ್ರೆ ಒಂದು ಮಾತು ಕೇಳ್ತೇನೆ. ಸೆಲ್ ಚೀನಾದ್ದು, ಮೋಟಾರಿನ ಒಳಗಿನ ಅಯಸ್ಕಾಂತ ಚೀನಾದ್ದು, ಇಲ್ಲಿ ಜೋಡಿಸುದು ಮಾತ್ರ ನಮ್ದು. ಹಾಗಾದ್ರೆ ರೇಟು ಇಳಿಸಿದ್ದು ಯಾರು? 2010ರಲ್ಲಿ ಬ್ಯಾಟರಿ ಪ್ಯಾಕು ಒಂದು ಯೂನಿಟಿಗೆ ಸಾವಿರ ಡಾಲರಿಗಿಂತ ಹೆಚ್ಚಿತ್ತು, ಬ್ಲೂಮ್‌ಬರ್ಗ್‌ನವರ ಸರ್ವೆ ಪ್ರಕಾರ 2024ರಲ್ಲಿ ಸರಾಸರಿ 115 ಡಾಲರ್. ಆ ಲೆಕ್ಕದಲ್ಲಿ ಟಿಯಾಗೋದ 24 ಯೂನಿಟ್ ಪ್ಯಾಕಿಗೆ ಎರಡೂಕಾಲು ಲಕ್ಷದ ಹತ್ತಿರ ಬಂತು. ಹಳೇ ರೇಟಲ್ಲಿ ಪ್ಯಾಕಿಗೇ ಒಂದು ಕಾರಿನ ದುಡ್ಡು ಬೇಕಿತ್ತು. ಇಳಿಸಿದ್ದು ಚೀನಾದ ಸೆಲ್ ಫ್ಯಾಕ್ಟರಿಗಳು, ನಾವು ಖರೀದಿ ಮಾಡಿದ್ದು ಅಷ್ಟೆ.

2025ರ ಏಪ್ರಿಲಲ್ಲಿ ಚೀನಾದವ್ರು ರೇರ್ ಅರ್ತ್ ಲೋಹದ ಅಯಸ್ಕಾಂತ ಹೊರಗೆ ಕಳಿಸ್ಲಿಕ್ಕೆ ಲೈಸೆನ್ಸ್ ಬೇಕು ಅಂತ ಮಾಡಿದ್ರು ಅಲ್ವಾ, ಆಗ ಇಲ್ಲಿ ಗಾಡಿ ಕಂಪನಿಗಳಿಗೆಲ್ಲ ಎಷ್ಟು ಬಿಸಿ ಮುಟ್ಟಿತು ನೋಡಿ. ಒಂದು ಮೋಟಾರಿಗೆ ಬೇಕಾದ ಅಯಸ್ಕಾಂತದ ದುಡ್ಡು ಕಾರಿನ ರೇಟಲ್ಲಿ ಎಂತ ದೊಡ್ಡದಲ್ಲ, ಆದ್ರೆ ಅದು ಬರ್ಲಿಲ್ಲ ಅಂದ್ರೆ ಕಾರೇ ಹೊರಗೆ ಬರುದಿಲ್ಲ. ಕಮ್ಮಿ ರೇಟಿಗೆ ಸಿಗ್ತದೆ ಅಂತ ಒಂದೇ ಕಡೆ ನಂಬಿ ಕೂತ್ರೆ ಹೀಗೆ ಆಗುದು.

ಸ್ಟುಟ್‌ಗಾರ್ಟ್ ಕನ್ನಡಿಗ
ಕರಾವಳಿ ಸರ್ ಹೇಳಿದ್ದು ನಿಜ, ಆದ್ರೆ ಇದು ನಮ್ಮ ದೇಶದ್ದು ಮಾತ್ರ ಅಲ್ಲ. ನಾನು ಇಲ್ಲಿ ಜರ್ಮನಿಲಿ ಪವರ್‌ಟ್ರೇನ್, ಅಂದ್ರೆ ಗಾಡಿ ಓಡ್ಸೋ ಮೋಟಾರು, ಗೇರಿನ ಕೆಲ್ಸದಲ್ಲಿದೀನಿ. ರೆನೋ ಹೊಸ ಟ್ವಿಂಗೋ ಇವಿನ 20 ಸಾವಿರ ಯೂರೋ ಒಳಗೆ ತರ್ಬೇಕು ಅಂತ ಎರಡು ವರ್ಷದೊಳಗೆ ಡೆವಲಪ್ ಮಾಡ್ತು. ಹೆಂಗೆ ಮಾಡಿದ್ರು ಅಂದ್ರೆ ಶಾಂಘೈನಲ್ಲಿ ಒಂದು ಎಂಜಿನಿಯರಿಂಗ್ ಸೆಂಟರ್ ಇಟ್ರು, ಅಲ್ಲಿನ ಸಪ್ಲೈಯರ್‌ಗಳ ಜೊತೆ ಕೂತು ಡಿಸೈನ್ ಮಾಡಿದ್ರು, ಸೆಲ್ ಚೀನಾದ ಸಿಎಟಿಎಲ್ ಕಂಪನಿದು, 27.5 ಯೂನಿಟ್ ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ), ಗಾಡಿ ಜೋಡಿಸೋದು ಸ್ಲೊವೇನಿಯಾದಲ್ಲಿ. ನೂರು ವರ್ಷ ಕಾರ್ ಮಾಡಿದ ಕಂಪನಿನೇ ಕಲಿಯಕ್ಕೆ ಶಾಂಘೈಗೆ ಹೋಗಿದೆ. ಅದರಲ್ಲಿ ನಾಚಿಕೆ ಏನಿಲ್ಲ.

ನಾನು ಗಮನಿಸಿದ ಒಂದು ವಿಷಯ. ಹಳೇ ಪದ್ಧತಿಲಿ ಕಾರ್ ಕಂಪನಿ ಡ್ರಾಯಿಂಗ್ ಕೊಡುತ್ತೆ, ಸಪ್ಲೈಯರ್ ಕೊಟೇಷನ್ ಕೊಡ್ತಾನೆ, ಕಮ್ಮಿ ರೇಟಿನವನಿಗೆ ಆರ್ಡರ್. ಚೀನಾದಲ್ಲಿ ಸಪ್ಲೈಯರ್ ಮೊದಲ ದಿನದಿಂದಲೇ ಟೇಬಲ್ ಹತ್ರ ಇರ್ತಾನೆ, ಈ ಬ್ರಾಕೆಟ್ ಬೇಡ, ಇದನ್ನೂ ಅದನ್ನೂ ಸೇರ್ಸಿ ಒಂದೇ ಪೀಸ್ ಮಾಡೋಣ ಅಂತಾನೆ. ದುಡ್ಡು ಉಳಿಯೋದು ಅಲ್ಲಿ. ಪೀಣ್ಯ ಸರ್, ನಮ್ಮ ಕಡೆ ಸಣ್ಣ ವೆಂಡರ್‌ನ ಹಂಗೆ ಕರೆದು ಕೂರಿಸ್ತಾರಾ?

ಪೀಣ್ಯ ಮಷಿನಿಸ್ಟ್
ಕೂರಿಸಲ್ಲ ಸರ್. ದೊಡ್ಡ ಸಪ್ಲೈಯರ್‌ಗೆ ಆ ಮರ್ಯಾದೆ ಇದೆ, ಅವನ ಕೆಳಗೆ ಕೆಲ್ಸ ಮಾಡೋ ನಮ್ಮಂಥೋರಿಗೆ ಡ್ರಾಯಿಂಗ್ ಬರುತ್ತೆ, ರೇಟ್ ಬರುತ್ತೆ, ಮಾಡ್ತೀಯಾ ಇಲ್ವಾ ಅಷ್ಟೇ.

ಒಂದು ಪೀಸಿನ ಕಥೆ ಹೇಳ್ತೀನಿ, ಆಗ ಅರ್ಥ ಆಗುತ್ತೆ. ಇವಿ ಮೋಟಾರಿನ ಹೌಸಿಂಗ್, ಅಂದ್ರೆ ಹೊರಗಿನ ಕವಚ, ಅಚ್ಚಲ್ಲಿ ಹೊಯ್ದ ಅಲ್ಯೂಮಿನಿಯಂ ಡೈ ಕಾಸ್ಟಿಂಗ್, ಒಳಗೆ ಸ್ಟೇಟರ್ (ಮೋಟಾರಿನ ತಿರುಗದ ಭಾಗ) ಕೂರುತ್ತೆ, ಗೋಡೆ ಒಳಗೇ ತಣ್ಣಗಿಡೋ ಕೂಲೆಂಟ್ ಓಡೋ ದಾರಿ. ಗೋಡೆ ತೆಳು. ಬೋರ್, ಅಂದ್ರೆ ಒಳಗಿನ ದುಂಡು ತೂತು, ಹೊಡಿಬೇಕಾದ್ರೆ ಕ್ಲಾಂಪ್ ಒಂಚೂರು ಬಿಗಿ ಆದ್ರೂ ಸಾಕು, ಮಷಿನ್ ಮೇಲಿದ್ದಾಗ ಅಳತೆ ಪಕ್ಕಾ ತೋರ್ಸುತ್ತೆ, ಕ್ಲಾಂಪ್ ಬಿಚ್ಚಿದ ತಕ್ಷಣ ಮೆಟಲ್ ವಾಪಸ್ ಬಂದು ಬೋರ್ ಓವಲ್ ಆಗಿರುತ್ತೆ. ಅದಕ್ಕೇ ಅಂತ ಪೀಸ್ ಹಿಡಿಯೋ ಬೇರೆ ಫಿಕ್ಸ್ಚರ್ ಮಾಡ್ಬೇಕು, ಕೊನೇ ಕಟ್ ತಗೊಳೋ ಮುಂಚೆ ಕ್ಲಾಂಪ್ ಪ್ರೆಷರ್ ಇಳಿಸ್ಬೇಕು. ಎಲ್ಲಾ ಆದ್ಮೇಲೆ ಲೀಕ್ ಟೆಸ್ಟು, ಕೂಲೆಂಟ್ ದಾರಿಗೆ ಗಾಳಿ ತುಂಬಿ ಪ್ರೆಷರ್ ಇಳಿಯುತ್ತಾ ಅಂತ ನೋಡೋದು. ಕಾಸ್ಟಿಂಗ್ ಒಳಗೆ ಕಣ್ಣಿಗೆ ಕಾಣದ ಪಿನ್‌ಹೋಲ್ ಇದ್ರೂ ಪೀಸ್ ರಿಜೆಕ್ಟ್, ಅಷ್ಟೊತ್ತಿಗೆ ನಮ್ಮ ಮಷಿನಿಂಗ್ ಪೂರ್ತಿ ಮುಗಿದಿರುತ್ತೆ. ಕಾಸ್ಟಿಂಗ್ ದುಡ್ಡು ಫೌಂಡ್ರಿಯವನು ಬಿಟ್ಕೊಡ್ತಾನೆ, ನಮ್ಮ ಮಷಿನ್ ಟೈಮು ಯಾರು ಕೊಡ್ತಾರೆ? ಈ ಜಗಳ ವಾರ ವಾರ ಇದ್ದಿದ್ದೇ. ಫೌಂಡ್ರಿಯವನು, ನಾವು, ಮೋಟಾರ್ ಮಾಡೋನು ಮೂರೂ ಜನ ಒಟ್ಟಿಗೆ ಕೂತು ಎಲ್ಲಿ ಪೊರಾಸಿಟಿ (ಒಳಗಿನ ಸಣ್ಣ ತೂತು) ಬರ್ತಿದೆ, ಅಲ್ಲಿ ಗೋಡೆ ಒಂಚೂರು ದಪ್ಪ ಮಾಡಕ್ಕಾಗುತ್ತಾ ಅಂತ ನೋಡಿದ್ರೆ ಮುಗೀತಿತ್ತು, ಆ ಒಂದು ಮೀಟಿಂಗ್ ಆಗೋದೇ ಇಲ್ಲ. ಅದರ ಬದಲು ವರ್ಷಕ್ಕೊಂದ್ಸಲ ಇಮೇಲ್ ಬರುತ್ತೆ, ರೇಟ್ ಇಷ್ಟು ಪರ್ಸೆಂಟ್ ಇಳ್ಸಿ ಅಂತ.

ಪೇಮೆಂಟ್ ಇನ್ನೊಂದು ನೋವು. ಸಣ್ಣ ಕೈಗಾರಿಕೆಗೆ 45 ದಿನದೊಳಗೆ ದುಡ್ಡು ಕೊಡ್ಬೇಕು ಅಂತ ಕಾನೂನಿದೆ, ಕೊಡ್ಲಿಲ್ಲ ಅಂದ್ರೆ ಆ ವರ್ಷ ಇನ್‌ಕಮ್ ಟ್ಯಾಕ್ಸಲ್ಲಿ ಆ ಖರ್ಚು ತೋರ್ಸೋ ಹಾಗಿಲ್ಲ ಅಂತ ಈಗ ಬಿಗಿ ಮಾಡಿದಾರೆ. ಹಂಗಿದ್ರೂ ನನಗೆ ಒಂದು ಕಡೆಯಿಂದ ತೊಂಬತ್ತು ದಿನ ಆದ್ರೂ ಬಂದಿಲ್ಲ. ಆ ಬಡ್ಡಿ ನಾನು ಬ್ಯಾಂಕಿಗೆ ಕಟ್ತೀನಿ. ಕಾರು ಅಗ್ಗ ಆಗಿದ್ರಲ್ಲಿ ಅದರ ಪಾಲೂ ಇದೆ, ಅದನ್ನ ಯಾರೂ ಲೆಕ್ಕಕ್ಕೆ ಹಿಡಿಯಲ್ಲ.

ಹಳೇ ರೇವಾ ಅಭಿಮಾನಿ
ಪೀಣ್ಯ ಸರ್, ಇದನ್ನ ಇಷ್ಟು ಬಿಡಿಸಿ ಯಾರೂ ಹೇಳಿರ್ಲಿಲ್ಲ, ಥ್ಯಾಂಕ್ಸ್. ಕರಾವಳಿ ಸರ್‌ಗೆ ಒಂದು ಉತ್ತರ: ಸೆಲ್ ಇಲ್ಲೇ ಮಾಡೋ ಪ್ರಯತ್ನ ನಡೀತಿದೆ. 2021ರಲ್ಲಿ ಕೇಂದ್ರ ಸರ್ಕಾರ 18,100 ಕೋಟಿ ಇಟ್ಟು 50 ಗಿಗಾವ್ಯಾಟ್ ಅವರ್ (ಒಂದು ಗಿಗಾವ್ಯಾಟ್ ಅವರ್ ಅಂದ್ರೆ ಹತ್ತು ಲಕ್ಷ ಯೂನಿಟ್) ಸೆಲ್ ದೇಶದಲ್ಲೇ ಆಗ್ಬೇಕು ಅಂತ ಸ್ಕೀಮ್ ಮಾಡ್ತು. ಟಾಟಾದವರದ್ದೇ ಅಗ್ರತಾಸ್ ಅಂತ ಕಂಪನಿ ಗುಜರಾತಿನ ಸಾನಂದದಲ್ಲಿ 13,000 ಕೋಟಿಯ ಒಪ್ಪಂದ ಮಾಡ್ಕೊಂಡಿದೆ, ಟಿಯಾಗೋ ಇವಿ ಬರೋದೂ ಅದೇ ಸಾನಂದದಿಂದ. ನಮ್ಮ ದೇವನಹಳ್ಳಿ ಹತ್ರ ಎಕ್ಸೈಡ್‌ನವರು ಸೆಲ್ ಫ್ಯಾಕ್ಟರಿ ಕಟ್ತಿದಾರೆ, ಅದಕ್ಕೆ ಟೆಕ್ನಾಲಜಿ ಚೀನಾದ ಸ್ವೋಲ್ಟ್‌ದು, ಹುಂಡೈ ಕಿಯಾ ಅವರ ಜೊತೆ 2024ರಲ್ಲಿ ಒಪ್ಪಂದ ಮಾಡ್ಕೊಂಡಿದಾರೆ.

ಕರಾವಳಿ ಸವಾರಿ
ಅದೇ ನಾನು ಹೇಳಿದ್ದು ಸರ್, ಫ್ಯಾಕ್ಟರಿ ದೇವನಹಳ್ಳಿದು, ವಿದ್ಯೆ ಅವರದ್ದು. 2025ರ ಜುಲೈಯಲ್ಲಿ ಎಲ್‌ಎಫ್‌ಪಿ ಸೆಲ್ಲಿನ ಕ್ಯಾಥೋಡ್ (ಪ್ಲಸ್ ತುದಿಯ ವಸ್ತು) ಮಾಡುವ ಟೆಕ್ನಾಲಜಿ ಹೊರಗೆ ಕೊಡ್ಲಿಕ್ಕೂ ಚೀನಾ ಪರ್ಮಿಷನ್ ಬೇಕು ಅಂತ ಮಾಡಿದೆ. ಮಂಡ್ಯದ ಮರ್ಲಗಲ್ಲದಲ್ಲಿ ಲಿಥಿಯಂ ಸಿಕ್ಕಿತು ಅಂತ ಎಷ್ಟು ಖುಷಿ ಪಟ್ಟಿದ್ದೆವು, 1,600 ಟನ್ ಅಂತ ಅಂದಾಜು ಬಂತು, ಅದ್ರಲ್ಲಿ ಕಾರ್ ಕಂಪನಿಗೆ ಎಂತ ಆಗ್ತದೆ? ಫ್ಯಾಕ್ಟರಿ ಬರ್ಲಿ, ಖಂಡಿತ ಬರ್ಲಿ. ಆದ್ರೆ ಸೆಲ್ ಕೆಮಿಸ್ಟ್ರಿ ಗೊತ್ತಿರುವ ಹುಡುಗರನ್ನು ನಮ್ಮ ಕಾಲೇಜಲ್ಲಿ ತಯಾರು ಮಾಡ್ಬೇಕು, ಸುರತ್ಕಲ್, ಐಐಎಸ್ಸಿ ಅಂಥ ಕಡೆ ಇದಕ್ಕೇ ಅಂತ ದುಡ್ಡು ಹಾಕ್ಬೇಕು. ಜೋಡಿಸುದು ಕಲಿಯುದು ಎರಡು ವರ್ಷದ ಕೆಲ್ಸ, ಮಾಡುದು ಕಲಿಯುದು ಹಾಗಲ್ಲ.

ಮೈಸೂರ್ ರೋಡ್
ಕರಾವಳಿ ಅಣ್ಣಂದು ನೂರಕ್ಕೆ ನೂರು ಒಪ್ತೀನಿ. ಆದ್ರೂ ಒಂದು ಹೇಳ್ತೀನಿ, ಜೋಡಿಸೋದ್ರಿಂದಲೇ ಶುರು ಆಗಿದ್ದು ಅಲ್ವಾ. ಗಾಡಿ ರೋಡಲ್ಲಿ ಇಷ್ಟು ಓಡಾಡದೇ ಇದ್ದಿದ್ರೆ ದೇವನಹಳ್ಳಿಲಿ ಯಾರು ಬಂದು ದುಡ್ಡು ಹಾಕ್ತಿದ್ರು? ರೇವಾ ಕಾಲದಲ್ಲಿ ಯಾರೂ ಹಾಕ್ಲಿಲ್ಲ.

ಲೆಕ್ಕ ಪಕ್ಕಾ ಮೇಡಂ, ಸೆಕೆಂಡ್ ಹ್ಯಾಂಡ್ ಇವಿ ಬಗ್ಗೆ ಏನ್ ಹೇಳ್ತೀರಾ? ನನ್ನ ತಮ್ಮ ಹುಡುಕ್ತಿದಾನೆ, ಬಜೆಟ್ ಆರು ಲಕ್ಷದೊಳಗೆ.

ಲೆಕ್ಕ ಪಕ್ಕಾ
ತಗೋಬಹುದು, ಆದ್ರೆ ಓಡಿರೋ ಕಿಲೋಮೀಟರಿಗಿಂತ ಬ್ಯಾಟರಿ ವಾರಂಟಿ ಎಷ್ಟು ಉಳಿದಿದೆ ನೋಡ್ಲಿ. ಟಿಯಾಗೋ ಇವಿಗೆ 8 ವರ್ಷ ಅಥವಾ 1,60,000 ಕಿಲೋಮೀಟರ್, ಯಾವುದು ಮೊದ್ಲೋ ಅದು. ಕಂಪನಿ ಸರ್ವಿಸ್ ಸೆಂಟರಲ್ಲಿ ಬ್ಯಾಟರಿ ಹೆಲ್ತ್ ರಿಪೋರ್ಟ್ ತೆಗೆಸಿ ಆಮೇಲೆ ರೇಟ್ ಮಾತಾಡ್ಲಿ. ನೀರಲ್ಲಿ ಮುಳುಗಿದ ಗಾಡಿನಾ ಅಂತ ಇನ್ಶೂರೆನ್ಸ್ ಕ್ಲೇಮ್ ಹಿಸ್ಟರಿ ಕೇಳ್ಲೇಬೇಕು. ಹಳೇ ಇವಿಗೆ ಬ್ಯಾಂಕುಗಳು ಸಾಲ ಕೊಡಕ್ಕೆ ಇನ್ನೂ ಹಿಂಜರೀತಾರೆ, ಬಡ್ಡಿ ಜಾಸ್ತಿ ಹಾಕ್ತಾರೆ, ಅದನ್ನ ಮೊದ್ಲೇ ವಿಚಾರಿಸ್ಕೊಳ್ಳಿ. ನಿಜ ಹೇಳ್ಬೇಕು ಅಂದ್ರೆ ಮಧ್ಯಮ ವರ್ಗಕ್ಕೆ ಕೈಗೆಟುಕೋ ಇವಿ ಮುಂದೆ ಇಲ್ಲಿಂದಲೇ ಬರೋದು, ಹೊಸ ಗಾಡಿ ರೇಟು ಇಳಿಯೋದಕ್ಕೆ ಕಾಯೋದು ಬೇಡ.

ಐಟಿಐ ಹುಡುಗ
ಎಲ್ಲರೂ ದೊಡ್ಡವರು ಮಾತಾಡ್ತಿದೀರಾ, ನಂದೊಂದು ಪ್ರಶ್ನೆ. ನಾನು ಬಿಡದಿ ಕಡೆ ಎಂಜಿನ್ ಪಾರ್ಟ್ಸ್ ಮಾಡೋ ಕಂಪನಿಲಿ ಸಿಎನ್‌ಸಿ (ಕಂಪ್ಯೂಟರ್ ನಡೆಸೋ ಮಷಿನ್) ಆಪರೇಟರ್, ವಾಲ್ವ್ ಲೈನು. ಇವಿಲಿ ವಾಲ್ವೂ ಇಲ್ಲ ಪಿಸ್ಟನ್ನೂ ಇಲ್ಲ. ನಮ್ಮ ಸೂಪರ್‌ವೈಸರ್ ಇನ್ನೂ ಇಪ್ಪತ್ತು ವರ್ಷ ಏನಾಗಲ್ಲ ಅಂತಾರೆ. ನಾನು ಏನು ಕಲಿಬೇಕು ಅಣ್ಣ?

ಧಾರವಾಡದಾಂವ
ತಮ್ಮಾ, ಹೆದರಬ್ಯಾಡ. ಹೈಬ್ರಿಡ್ ಗಾಡಿ ಇರೂತನಕ ಎಂಜಿನ್ನೂ ಇರತೈತಿ. ಆದ್ರ ಕೈ ಕಟ್ಟಿ ಕೂರಬ್ಯಾಡ, ನಿನ್ನ ವಯಸ್ಸಿನಾಗ ಕಲಿಯೂದು ಸಲೀಸು.

ಪೀಣ್ಯ ಮಷಿನಿಸ್ಟ್
ಒಳ್ಳೇ ಪ್ರಶ್ನೆ ಕಣಪ್ಪ. ನಿನ್ನ ಸಿಎನ್‌ಸಿ ಕೈ ಎಲ್ಲೂ ಹೋಗಲ್ಲ, ಮೆಟೀರಿಯಲ್ ಬದಲಾಗುತ್ತೆ ಅಷ್ಟೇ. ಸ್ಟೀಲ್ ಕೆಲ್ಸ ಗೊತ್ತಿರೋನು ಅಲ್ಯೂಮಿನಿಯಂ ತೆಳು ಗೋಡೆ ಪೀಸ್ ಹಿಡಿಯೋದು ಕಲಿ, ಫಿಕ್ಸ್ಚರ್ ಯಾಕೆ ಹಂಗಿದೆ ಅಂತ ಮಷಿನ್ ಸೆಟ್ ಮಾಡೋ ಸೆಟ್ಟರ್‌ನ ಕೇಳು. ಪೀಸಿನ ಅಳತೆ ಪಕ್ಕಾ ನೋಡೋ ಸಿಎಂಎಂ ಮಷಿನಲ್ಲಿ ಅಳತೆ ತೆಗೆಯೋದು ಗೊತ್ತಿದ್ರೆ ನಾಳೇನೇ ನನ್ನಂಥ ಶಾಪಲ್ಲಿ ಕೆಲ್ಸ ಇದೆ, ಆಪರೇಟರ್ ಸಿಕ್ತಾರೆ, ಅಳತೆ ಓದೋರು ಸಿಗಲ್ಲ. ಬ್ಯಾಟರಿ, ಕಿತ್ತಳೆ ಬಣ್ಣದ ಕೇಬಲ್ ಕೆಲ್ಸಕ್ಕೆ ಹೋಗೋದಾದ್ರೆ ಹೈ ವೋಲ್ಟೇಜ್ ಸೇಫ್ಟಿ ಟ್ರೈನಿಂಗ್ ಇಲ್ದೆ ಮುಟ್ಟಬೇಡ, ಯಾರು ಏನೇ ಹೇಳ್ಲಿ. ರಾಜಾಜಿನಗರದ ಸರ್ಕಾರಿ ಟೂಲ್ ರೂಂ ತರಬೇತಿ ಕೇಂದ್ರ ಜಿಟಿಟಿಸಿಗೆ ಒಂದು ರಜಾ ದಿನ ಅಲ್ಲದ ದಿನ ಹೋಗಿ ಕೆಲ್ಸದಲ್ಲಿರೋರಿಗೆ ಯಾವ ಶಾರ್ಟ್ ಕೋರ್ಸ್ ಇದೆ ಅಂತ ಕೇಳು. ಶಿಫ್ಟ್ ಅಡ್ಡ ಬರುತ್ತೆ ಅಂದ್ರೆ ನನಗೆ ಮೆಸೇಜ್ ಹಾಕು, ನಮ್ಮ ಸಿಎಂಎಂ ಶನಿವಾರ ಮಧ್ಯಾಹ್ನ ಖಾಲಿ ಇರುತ್ತೆ, ಬಂದು ನೋಡು.